ಅಂಗಡಿ ಚೀಟಿ ಹಿಡಿದು ಮಾಡಿದ ಅಡುಗೆಮನೆ ರಿಪೇರಿ

ಮನೆ ತುಮಕೂರಿನಲ್ಲಿ. ಉಣ್ಣುವವರು ಐದು ಜನ: ಅತ್ತೆ, ಮಾವ, ನಾವಿಬ್ಬರು, ಹೈಸ್ಕೂಲಿಗೆ ಹೋಗುವ ಮಗಳು. ಮಾವನಿಗೆ ಶುಗರ್ ಬಂದಿದೆ, ನನ್ನ ಯಜಮಾನರ ಬಿ.ಪಿ. ಅಂಚಿನಲ್ಲಿದೆ ಅನ್ನುವುದು ಹೆಚ್ಚುಕಮ್ಮಿ ಒಟ್ಟಿಗೇ ಗೊತ್ತಾಯಿತು. ಡಾಕ್ಟರು ಎಲ್ಲರಿಗೂ ಹೇಳುವುದನ್ನೇ ಹೇಳಿದರು: ಅನ್ನ ಕಮ್ಮಿ ಮಾಡಿ, ಉಪ್ಪು ಕಮ್ಮಿ ಮಾಡಿ, ಸೊಪ್ಪು ತರಕಾರಿ ಜಾಸ್ತಿ ತಿನ್ನಿ. ಎಷ್ಟು ಕಮ್ಮಿ, ಯಾವುದು ಮೊದಲು, ಯಾರ ತಟ್ಟೆಯಿಂದ ಅನ್ನುವುದು ಮಾತ್ರ ಒಲೆ ಮುಂದೆ ನಿಂತವಳ ತಲೆಗೆ ಬಿತ್ತು. ಅಲ್ಲಿಂದಾಚೆಗೆ ಮಾಡಿದ ಕೆಲಸದ ಟಿಪ್ಪಣಿ ಇದು.

ಶುರು ಮಾಡುವ ಮೊದಲೇ ಎರಡು ಕಟ್ಟು ಹಾಕಿಕೊಂಡೆ. ಕಾಯಿಲೆಯವರಿಗೇ ಅಂತ ಬೇರೆ ಅಡುಗೆ ಇಲ್ಲ, ಮಾಡಿದ್ದು ಐವರಿಗೂ. ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಬಗ್ಗೆ ಊಟಕ್ಕೆ ಕೂತವರು ಮಾತೆತ್ತುವುದು ನಿಂತ ಮೇಲಷ್ಟೇ ಮುಂದಿನದು. ಕೆಲವು ಹದಿನೈದು ದಿನಕ್ಕೆ ಕೂತವು, ಕೆಲವಕ್ಕೆ ಒಂದು ಮಳೆಗಾಲ ಬೇಕಾಯಿತು. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅದಕ್ಕೆ ಗಟ್ಟಿ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ನಡುಮಟ್ಟದ ಲೆಕ್ಕದಲ್ಲಿ 66 ದಿನ ಬೇಕಾಗಿತ್ತು. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರದು 254ರವರೆಗೂ ಎಳೆಯುತ್ತದೆ ಎಂಬ ಅಂದಾಜು ಬಂದಿತ್ತು. ಹಾಗಾಗಿ ಕ್ಯಾಲೆಂಡರಿನ ಮೇಲೆ ಗುರುತು ಹಾಕಲಿಲ್ಲ.

ಮೊದಲು ಅಳತೆ

ಯಾರು ಎಷ್ಟು ತಿನ್ನುತ್ತಾರೆ ಎಂದು ತಟ್ಟೆ ನೋಡುತ್ತಾ ಕೂತರೆ ಮನೆಯಲ್ಲಿ ಜಗಳ. ಅದಕ್ಕಿಂತ ಸುಲಭದ ದಾರಿ ತಿಂಗಳ ಸಾಮಾನಿನ ಚೀಟಿ. ಐದು ಜನ, ಮೂವತ್ತು ದಿನ, ಅಂದರೆ 150. ಚೀಟಿಯಲ್ಲಿರುವ ತೂಕವನ್ನು 150ರಿಂದ ಭಾಗಿಸಿದರೆ ತಲೆಗೆ ದಿನಕ್ಕೆ ಎಷ್ಟು ಬಿತ್ತು ಎಂದು ಗೊತ್ತಾಗುತ್ತದೆ. ನೆಂಟರು ಬಂದು ಹೋದದ್ದು, ಹೊರಗೆ ತಿಂದದ್ದು ಇದರಲ್ಲಿ ಬರುವುದಿಲ್ಲ, ಆದರೂ ದಿಕ್ಕು ತೋರಿಸುವುದಕ್ಕೆ ಸಾಕು. ಹೋಲಿಸಿ ನೋಡಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯನ್ನು ಇಟ್ಟುಕೊಂಡೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದು ಹೇಳುವುದು ಹೀಗೆ: ಧಾನ್ಯ 250 ಗ್ರಾಂ, ಬೇಳೆ ಕಾಳು 85, ತರಕಾರಿ ಸೊಪ್ಪು ಸೇರಿ 400, ಹಣ್ಣು 100, ಹಾಲು ಮೊಸರು 300 ಮಿಲಿಲೀಟರ್, ಎಣ್ಣೆ ತುಪ್ಪ 27 ಗ್ರಾಂ. ಉಪ್ಪು 5 ಗ್ರಾಂ ದಾಟಬಾರದು.

ನಮ್ಮ ಚೀಟಿಯಲ್ಲಿ ಅಕ್ಕಿ 25 ಕೆಜಿ ಮೂಟೆ. ರವೆ, ಗೋಧಿಹಿಟ್ಟು, ಅವಲಕ್ಕಿ, ಶಾವಿಗೆ ಎಲ್ಲ ಸೇರಿ ಇನ್ನೊಂದು 15. ತಲೆಗೆ 267 ಗ್ರಾಂ ಆಯಿತು. ಎಣ್ಣೆ 5 ಲೀಟರ್, ಅಂದರೆ 30 ಗ್ರಾಂ. ಸಕ್ಕರೆ 5 ಕೆಜಿ, 33 ಗ್ರಾಂ. ಉಪ್ಪು ಒಂದೂವರೆ ಕೆಜಿ, ತಲೆಗೆ 10 ಗ್ರಾಂ, ಇರಬೇಕಾದ್ದರ ಎರಡರಷ್ಟು. ಬೇಳೆ ಕಾಳು? ತೊಗರಿಬೇಳೆ, ಕಡ್ಲೆಬೇಳೆ, ಹೆಸರುಕಾಳು ಎಲ್ಲ ಕೂಡಿದರೂ 4 ಕೆಜಿ. ತಲೆಗೆ 27 ಗ್ರಾಂ. ತರಕಾರಿ ತಳ್ಳುಗಾಡಿಯಿಂದ ಬರುವುದರಿಂದ ಅದಕ್ಕೆ ಚೀಟಿ ಇಲ್ಲ. ಒಂದು ವಾರ ತೂಕ ಹಾಕಿ ನೋಡಿದರೆ, ಆಲೂಗಡ್ಡೆ ಬಿಟ್ಟು, ಹೇಳಿದ್ದರ ಅರ್ಧವೂ ಇರಲಿಲ್ಲ.

ಇಷ್ಟು ಹೊತ್ತಿಗೆ ಕೆಲಸದ ಸ್ವರೂಪವೇ ಬದಲಾಗಿ ಹೋಯಿತು. ಮನೆಗೆ ಬಂದವರೆಲ್ಲ ‘ಅನ್ನ ಬಿಟ್ಟುಬಿಡಿ’ ಎಂದು ಉಪದೇಶ ಮಾಡಿ ಹೋಗಿದ್ದರು. ಅನ್ನ ಹೆಚ್ಚೇ ಇತ್ತು, ನಿಜ, ಆದರೆ ದೊಡ್ಡ ತೂತು ಇದ್ದದ್ದು ಕಾಳಿನಲ್ಲಿ. ನಮ್ಮ ಸಾರು ಬರುಬರುತ್ತಾ ಹುಣಸೆಹುಳಿ, ಸಾರಿನ ಪುಡಿ, ನೀರು ಆಗಿ, ಬೇಳೆ ಹೆಸರಿಗೆ ಮಾತ್ರ ಉಳಿದಿತ್ತು. ತೆಳ್ಳನೆ ಸಾರಿಗೆ ಅನ್ನ ಜಾಸ್ತಿ ಹೋಗುತ್ತದೆ. ಹೋಗದೆ ಹೊಟ್ಟೆ ತುಂಬುವುದಾದರೂ ಹೇಗೆ?

ಹಾಕುವುದರಿಂದ ಶುರು

ತೆಗೆಯುವುದಕ್ಕೆ ಮೊದಲು ಹಾಕಿದ್ದು ಬೇಕೆಂದೇ. ತಟ್ಟೆಯಿಂದ ಏನನ್ನೂ ಕಿತ್ತುಕೊಳ್ಳದ ಬದಲಾವಣೆಗೆ ಯಾರೂ ತಕರಾರು ಮಾಡುವುದಿಲ್ಲ.

ಚೀಟಿಯಲ್ಲಿ ಹುರುಳಿ, ಅಲಸಂದೆ, ಹೆಸರುಕಾಳು ತಲಾ ಒಂದೊಂದು ಕೆಜಿ ಸೇರಿಸಿದೆ. ಒಂದೇ ತಿಂಗಳಿಗೆ ಹನ್ನೆರಡು ಕೆಜಿಗೆ ಹಾರಲಿಲ್ಲ. ಡಬ್ಬಿಯಲ್ಲಿ ಹುಳ ಬೀಳುವುದು ಒಂದು ಕಾರಣ. ಕಾಳು ಒಮ್ಮೆಗೇ ಜಾಸ್ತಿಯಾದರೆ ವಯಸ್ಸಾದವರಿಗೆ ಹೊಟ್ಟೆ ಉಬ್ಬರ ಬಂದು, ‘ನಮಗೆ ಆಗಿಬರಲ್ಲ’ ಅನ್ನುವ ಮಾತು ಒಂದು ಸಲ ಬಂತೆಂದರೆ ಆ ಕಾಳು ಮತ್ತೆ ಒಲೆ ಹತ್ತುವುದಿಲ್ಲ, ಇದು ಇನ್ನೊಂದು. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯಿಸಿ, ಒಗ್ಗರಣೆಗೆ ಇಂಗು ಜೀರಿಗೆ ಹಾಕಿದರೆ ತೊಂದರೆ ಬಹಳ ಕಡಿಮೆ.

ದಿನಾ ‘ಇವತ್ತು ಕಾಳು ಮಾಡಬೇಕು’ ಎಂದು ನೆನಪಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ನಡೆಯುವುದಿಲ್ಲ. ಕೆಲಸಕ್ಕೆ ಬಂದದ್ದು ಒಂದು ಪಾತ್ರೆ. ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಅದರ ಪಕ್ಕದಲ್ಲೇ ಒಂದು ಪಾತ್ರೆಯಲ್ಲಿ ಯಾವುದಾದರೂ ಕಾಳಿಗೆ ನೀರು ಹುಯ್ಯುವುದು. ಹೆಪ್ಪು ಹಾಕುವುದನ್ನು ಈ ಮನೆಯಲ್ಲಿ ಯಾರೂ ಯಾವತ್ತೂ ಮರೆತಿಲ್ಲ. ಕಾಳಿನ ಪಾತ್ರೆಯೂ ಅದರ ಜೊತೆಗೇ ಸೇರಿಕೊಂಡಿತು. ಬೆಳಗ್ಗೆ ನೆಂದ ಕಾಳು ಕಣ್ಣೆದುರಿಗಿದ್ದರೆ ಅಡುಗೆ ತಾನೇ ಅತ್ತ ತಿರುಗುತ್ತದೆ. ಮೊಳಕೆ ಬೇಕಾದರೆ ಬೆಳಗ್ಗೆ ನೀರು ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೆ ದಿನಕ್ಕೆ ಸಿಗುತ್ತದೆ. ಚಳಿಗಾಲದಲ್ಲಿ ಗಂಟನ್ನು ಒಲೆ ಹತ್ತಿರ ಇಡಬೇಕು, ಇಲ್ಲದಿದ್ದರೆ ಹುರುಳಿ ಬಾಯೇ ಬಿಡುವುದಿಲ್ಲ.

ಅತ್ತೆಯವರಿಗೆ ನಿಜವಾಗಿ ಹುರುಪು ಬಂದದ್ದು ಬಸ್ಸಾರಿನಲ್ಲಿ. ಅಲಸಂದೆಕಾಳೋ ತೊಗರಿಬೇಳೆಯೋ ಅರ್ಧ ಬೆಂದ ಮೇಲೆ ದಂಟಿನ ಸೊಪ್ಪು ಹಾಕಿ ಬೇಯಿಸಿ, ಕಟ್ಟು ಬಸಿದುಕೊಳ್ಳುವುದು. ಆ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕಾಯಿ, ಹುಣಸೆಹಣ್ಣು ರುಬ್ಬಿ ಹಾಕಿದರೆ ಸಾರು. ಬಸಿದು ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಬೇಯಿಸುವಿಕೆಯಲ್ಲಿ ಸೊಪ್ಪೂ ಬಂತು, ಕಾಳೂ ಬಂತು, ನೀರಿಗಿಳಿದ ಸತ್ವವೂ ಹೊರಗೆ ಹೋಗಲಿಲ್ಲ. ಡಯಟ್ ಚಾರ್ಟು ಬರೆಯುವವರು ಕೀನ್ವಾ ಎಂದು ಹೊರದೇಶದ ಕಾಳಿನ ಹೆಸರು ಬರೆಯುವ ಜಾಗದಲ್ಲಿ ಬಸ್ಸಾರು ಎಂದು ಯಾಕೆ ಬರೆಯುವುದಿಲ್ಲವೋ. ‘ಇದು ನಾವು ತಿಂತಿದ್ದದ್ದೇ ಅಲ್ವೇನವ್ವಾ, ನೀನು ಪೇಪರ್ನೋರ ಮಾತು ಕೇಳಿ ಹೊಸದಾಗಿ ಮಾಡ್ತಿದೀಯ’ ಎಂದು ಅತ್ತೆ ನಕ್ಕರು. ಸೊಪ್ಪು ಬಿಡಿಸುವ ಕೆಲಸವನ್ನು ಅವರೇ ವಹಿಸಿಕೊಂಡರು. ತಳ್ಳುಗಾಡಿಯವನಿಂದ ಕೀರೆ, ಹೊನಗೊನೆ, ಸಬ್ಬಸಿಗೆ ಆರಿಸುವುದರಲ್ಲಿ ಅವರ ಕಣ್ಣು ನನಗೆ ಬರುವುದಿಲ್ಲ.

ಅಕ್ಕಿ ಪಾವು

ಅನ್ನಕ್ಕೆ ಕೈ ಹಾಕಿದ್ದು ಪಲ್ಯ, ಕಾಳು ಊಟದಲ್ಲಿ ಗಟ್ಟಿಯಾಗಿ ಕೂತ ಮೇಲೆ. ಗುರುತು ಸಿಕ್ಕಿದ್ದು ತಂಗಳನ್ನದಲ್ಲಿ. ರಾತ್ರಿ ಮಿಕ್ಕಿದ ಅನ್ನ ಬೆಳಗ್ಗೆ ಚಿತ್ರಾನ್ನವಾಗುವುದು ಎಲ್ಲ ಮನೆಯ ಕತೆ. ಚಿತ್ರಾನ್ನ ವಾರಕ್ಕೊಮ್ಮೆ ಇದ್ದದ್ದು ಎರಡು ಮೂರು ಸಲ ಆಗತೊಡಗಿದಾಗ, ಹೊಟ್ಟೆಗೆ ಬೇಕಾದ್ದಕ್ಕಿಂತ ಅಕ್ಕಿ ಹೆಚ್ಚು ಬೀಳುತ್ತಿದೆ ಎಂದು ತಿಳಿಯಿತು. ಆಗ ಪಾವಿನ ತಲೆ ತೆಗೆದೆ. ಗೋಪುರ ಕಟ್ಟಿ ಅಳೆಯುತ್ತಿದ್ದದ್ದನ್ನು ಬೆರಳಲ್ಲಿ ಸವರಿ ಸಮ ಮಾಡಿ ಅಳೆದದ್ದು, ಅಷ್ಟೇ. ಸ್ಟೀಲಿನ ಪಾವು ಅದೇ, ಲೆಕ್ಕಕ್ಕೆ ‘ಮೂರು ಪಾವು’ ಅನ್ನುವ ಮಾತೂ ಅದೇ. ಯಾರಿಗೂ ತಿಳಿಯಲಿಲ್ಲ. ಮತ್ತೆ ತಂಗಳು ಮಿಕ್ಕತೊಡಗಿದಾಗ ಕಾಲು ಪಾವು ಇಳಿಸಿದೆ. ಪಾತ್ರೆಯಲ್ಲಿ ಮಿಗದಿದ್ದಾಗ ಇಳಿಸಲಿಲ್ಲ.

ಇದರ ಜೊತೆಗೇ ಅನ್ನದ ಪಾತ್ರೆಯನ್ನು ಊಟದ ಜಾಗಕ್ಕೆ ತರುವುದು ನಿಲ್ಲಿಸಿದೆ. ಪಲ್ಯದ ಬಟ್ಟಲು, ಮೊಸರು, ಮಜ್ಜಿಗೆ ಮುಂದಿರುತ್ತವೆ. ಅನ್ನ ಇನ್ನೊಂದು ಸಲ ಬೇಕಾದರೆ ಎದ್ದು ಹೋಗಬೇಕು. ನಾಚಿಕೆಗೋ ಸೋಮಾರಿತನಕ್ಕೋ, ಎರಡನೆ ಸಲದ ಅನ್ನ ಅರ್ಧ ಆಯಿತು.

ಬಡಿಸುವ ಕ್ರಮದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಊಟದಲ್ಲಿ ತರಕಾರಿ, ಬೇಳೆ ಮೊದಲು ತಿಂದು ಅನ್ನದಂಥದ್ದನ್ನು ಆಮೇಲೆ ತಿಂದರೆ ರಕ್ತದಲ್ಲಿ ಸಕ್ಕರೆ ಅಷ್ಟು ಎತ್ತರಕ್ಕೆ ಏರುವುದಿಲ್ಲ ಎಂದು ಶುಗರ್ ಇರುವವರ ಮೇಲೆ ಮಾಡಿದ ಪರೀಕ್ಷೆಗಳು ತೋರಿಸಿವೆ. ಬಾಳೆಲೆ ಊಟದಲ್ಲಿ ಕೋಸಂಬರಿ, ಪಲ್ಯ ಅನ್ನಕ್ಕಿಂತ ಮುಂಚೆ ಎಲೆಗೆ ಬೀಳುವುದು ರೂಢಿಯೇ. (ಪಾಯಸವೂ ಮೊದಲೇ ಬೀಳುತ್ತದೆ, ಅದನ್ನು ನಾನು ಮಾವನಿಗೆ ನೆನಪಿಸಲು ಹೋಗಲಿಲ್ಲ.) ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ, ನಿಂಬೆಹಣ್ಣಿನ ಕೋಸಂಬರಿಯನ್ನು ತಟ್ಟೆಗೆ ಹಾಕಿಕೊಟ್ಟು, ಅನ್ನಕ್ಕೆ ಸ್ವಲ್ಪ ತಡಮಾಡುತ್ತೇನೆ. ಹಸಿದವರು ಎದುರಿಗೆ ಇರುವುದನ್ನು ಖಾಲಿ ಮಾಡುತ್ತಾರೆ.

ಮುದ್ದೆ ವಾಪಸ್ ಬಂದದ್ದು

ಊರಿನ ಹೊಲದಿಂದ ವರ್ಷಾ ವರ್ಷಾ ರಾಗಿ ಬರುತ್ತಿತ್ತು. ಒಂದು ಮೂಟೆ ಇಟ್ಟುಕೊಂಡು ಮಿಕ್ಕಿದ್ದನ್ನು ಮಾರುತ್ತಿದ್ದರು. ಆ ಒಂದು ಮೂಟೆಯೂ ಮಾವನ ಅಂಬಲಿಗೆ ಬಿಟ್ಟರೆ ಮುಟ್ಟುತ್ತಿರಲಿಲ್ಲ. ರಾಗಿ ಕೆಡುವ ಕಾಳಲ್ಲ. ಹಿಂದೆ ನೆಲದೊಳಗೆ ತೋಡಿದ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ಉಣ್ಣುತ್ತಿದ್ದರು. ರಾತ್ರಿ ಊಟಕ್ಕೆ ವಾರಕ್ಕೆರಡು ದಿನ ಮುದ್ದೆ ಅಂತ ಶುರು ಮಾಡಿ, ಈಗ ಹೆಚ್ಚಿನ ರಾತ್ರಿಗಳು ಅದೇ.

ಮುದ್ದೆಗೆ ಒಂದು ಪಾಲು ಹಿಟ್ಟಿಗೆ ಎರಡು ಪಾಲಿನಷ್ಟು ನೀರು. ಹಿಟ್ಟು ಹೊಸದೋ ಹಳೆಯದೋ ನೋಡಿ ಸ್ವಲ್ಪ ಹೆಚ್ಚುಕಮ್ಮಿ. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಬಿಟ್ಟು, ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ ಸಣ್ಣ ಉರಿಯಲ್ಲಿ ಬೇಯಲು ಬಿಡುವುದು. ಈ ಬೇಯಲು ಬಿಡುವ ಹೊತ್ತನ್ನೇ ಅವಸರದವರು ನುಂಗಿಹಾಕುವುದು, ಆಮೇಲೆ ಗಂಟು ಗಂಟು ಎಂದು ರಾಗಿಯನ್ನು ಬೈಯುವುದು. ಗುಡ್ಡೆಯ ನಡುವೆ ಕೋಲು ಚುಚ್ಚಿ ಆವಿಗೆ ದಾರಿ ಮಾಡಿ, ಬೆಂದ ವಾಸನೆ ಬಂದ ಮೇಲೆ ತೊಳಸಿ, ಮತ್ತೆ ಮುಚ್ಚಿ ಒಂದೆರಡು ನಿಮಿಷ ಬಿಟ್ಟು, ಕೈ ಒದ್ದೆ ಮಾಡಿಕೊಂಡು ಕಟ್ಟುವುದು. ಉಪ್ಪು ಹಾಕುವುದಿಲ್ಲ, ಸಾರಿನಲ್ಲಿ ಇದ್ದೇ ಇರುತ್ತದೆ.

ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಎಂದು ನಂಬಿ ಎರಡು ದೊಡ್ಡ ಮುದ್ದೆ ಹೊಡೆಯುವವರು ನಮ್ಮ ಬೀದಿಯಲ್ಲೇ ಇದ್ದಾರೆ. ರಾಗಿಯೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಅದರ ಹೆಚ್ಚುಗಾರಿಕೆ ನಾರಿನಲ್ಲಿದೆ, ಸುಣ್ಣದಲ್ಲಿದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಹಿಟ್ಟು ನುಣ್ಣಗಾದಷ್ಟೂ ಬೇಗ ಅರಗುತ್ತದೆ, ಹಾಗಾಗಿ ಮಿಲ್ಲಿನಲ್ಲಿ ತೀರಾ ನುಣ್ಣಗೆ ಬೀಸಬೇಡಿ ಎಂದು ಹೇಳಿ ಬೀಸಿಸುತ್ತೇವೆ. ಮುದ್ದೆಯ ಗಾತ್ರವನ್ನೂ ಇಳಿಸಿದೆ, ಅದೂ ಮೆಲ್ಲಮೆಲ್ಲಗೆ. ಮಾವ ಒಂದು ದಿನ ಮುದ್ದೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, ‘ಇದೇನವ್ವಾ, ಮೊಮ್ಮಗಳಿಗೆ ಕಟ್ಟಿದ್ದಾ?’ ಎಂದರು. ಮಾತೆತ್ತಿದ ಮೇಲೆ ನಿಯಮ ನಿಯಮವೇ. ಹಿಂದಿನ ಗಾತ್ರಕ್ಕೆ ಹೋಗಿ, ಸ್ವಲ್ಪ ಕಾಲ ಬಿಟ್ಟು ಮತ್ತೆ ಇಳಿಸಿದೆ.

ಮಗಳಿಗೆ ಮುದ್ದೆ ನುಂಗಲು ಬರುವುದಿಲ್ಲ, ಅಗಿದು ಮುಖ ಹಿಂಡುತ್ತಾಳೆ. ಅವಳಿಗೆ ದೋಸೆಯ ದಾರಿ. ನಮ್ಮ ದೋಸೆ ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದಿನಬೇಳೆ, ಚಿಟಿಕೆ ಮೆಂತ್ಯ. ಅಕ್ಕಿಯ ಮೂರು ಪಾಲಿನಲ್ಲಿ ಅರ್ಧ ಪಾಲನ್ನು ರಾಗಿಹಿಟ್ಟಿಗೆ ಬದಲಾಯಿಸಿದರೆ ಬಣ್ಣ ಸ್ವಲ್ಪ ಕೆಂಚಗಾಗುತ್ತದೆ, ಗರಿ ಹೋಗುವುದಿಲ್ಲ. ಅಲ್ಲಿಂದ ಒಂದು ಪಾಲು, ಆಮೇಲೆ ಒಂದೂವರೆ. ಎರಡು ಪಾಲಿಗೆ ಬಂದಾಗ ದೋಸೆ ಮೆತ್ತಗಾಗಿ ಅವಳಿಗೆ ಹಿಡಿಸಲಿಲ್ಲ, ಒಂದೂವರೆಯಲ್ಲಿ ನಿಲ್ಲಿಸಿದ್ದೇನೆ. ಮೂರಕ್ಕೆ ಮೂರೂ ರಾಗಿ ಮಾಡಿ ಅವಳು ದೋಸೆಯನ್ನೇ ಬಿಡುವುದಕ್ಕಿಂತ ಇದು ವಾಸಿ.

ಇಷ್ಟರಲ್ಲಿ ಮಾಡಲೇಬೇಕಾದ ಕೆಲಸ ಒಂದಿದೆ. ಶುಗರ್ ಮಾತ್ರೆಯನ್ನೋ ಇನ್ಸುಲಿನನ್ನೋ ತೆಗೆದುಕೊಳ್ಳುವವರ ಅನ್ನ, ಮುದ್ದೆ ಇಳಿಸುವಾಗ ಡಾಕ್ಟರಿಗೆ ತಿಳಿಸಬೇಕು. ಊಟ ಇಳಿದು ಔಷಧಿಯ ಪ್ರಮಾಣ ಹಾಗೇ ಉಳಿದರೆ ಸಕ್ಕರೆ ತೀರಾ ಕೆಳಗೆ ಹೋಗಿ ಬೆವರು, ನಡುಕ, ತಲೆಸುತ್ತು ಬರಬಹುದು.

ಉಪ್ಪಿನ ಡಬ್ಬಿ

ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಇದಕ್ಕೆ, ಎಲ್ಲಕ್ಕಿಂತ ಚೆನ್ನಾಗಿ ಆದದ್ದೂ ಇದೇ. ಉಪ್ಪು ತೆಗೆದರೆ ಐವರಿಗೂ ಅದೇ ಕ್ಷಣ ಗೊತ್ತಾಗುತ್ತದೆ. ಆದರೆ ನಾಲಿಗೆಗೆ ಒಂದು ಗುಣವಿದೆ: ಉಪ್ಪು ಸ್ವಲ್ಪ ಸ್ವಲ್ಪವೇ ಇಳಿದರೆ ಕೆಲವು ವಾರಗಳಲ್ಲಿ ಅದಕ್ಕೇ ಒಗ್ಗುತ್ತದೆ, ಆಮೇಲೆ ಮೊದಲಿನದು ಬಾಯಿಗೆ ಕಟುವಾಗುತ್ತದೆ. ಬ್ರಿಟನ್ನಿನಲ್ಲಿ ಬ್ರೆಡ್ಡು ಮುಂತಾದ ತಯಾರಿ ಆಹಾರಗಳ ಉಪ್ಪನ್ನು ಕಂಪನಿಗಳ ಮೂಲಕ ವರ್ಷಗಟ್ಟಲೆ ಹೀಗೇ ಮೆಲ್ಲಗೆ ಇಳಿಸಿದರು. ಅಲ್ಲಿನ ಜನ 2000-01ರಲ್ಲಿ ದಿನಕ್ಕೆ ಸರಾಸರಿ 9.5 ಗ್ರಾಂ ಉಪ್ಪು ತಿನ್ನುತ್ತಿದ್ದದ್ದು 2011ಕ್ಕೆ 8.1ಕ್ಕೆ ಬಂದಿತ್ತು.

ನಮ್ಮ ಮನೆಯ ಉಪ್ಪಿನ ಸಮಸ್ಯೆಯ ಬೇರು ಅತ್ತೆಯವರ ಕೈಯಲ್ಲಿತ್ತು. ಅವರು ಅಡುಗೆ ಕಲಿತದ್ದು ಕಲ್ಲುಪ್ಪಿನಲ್ಲಿ. ಹರಳು ಹರಳಾಗಿರುವ ಕಲ್ಲುಪ್ಪಿನ ನಡುವೆ ಗಾಳಿ ಇರುತ್ತದೆ. ಅದೇ ಹಿಡಿ, ಅದೇ ಚಮಚ ಪುಡಿಯುಪ್ಪು ತುಂಬಿದರೆ ತೂಕ ಹೆಚ್ಚು ಬರುತ್ತದೆ. ಮನೆಗೆ ಪುಡಿಯುಪ್ಪು ಬಂದು ಎಷ್ಟೋ ವರ್ಷವಾದರೂ ಕೈಯಳತೆ ಹಳೆಯದೇ ಉಳಿದಿತ್ತು. ಹಾಗಂತ ಕಲ್ಲುಪ್ಪಿಗೆ ಮರಳಲಿಲ್ಲ, ಬಿಡಿಯಾಗಿ ಸಿಗುವುದರಲ್ಲಿ ಅಯೋಡಿನ್ ಇದೆಯೆಂಬ ಭರವಸೆ ಇಲ್ಲ. ಬದಲಿಗೆ ಡಬ್ಬಿಯ ಮರದ ಚಮಚ ತೆಗೆದು ಟೀ ಚಮಚ ಹಾಕಿದೆ. ಸಮ ಮಾಡಿದ ಒಂದು ಟೀ ಚಮಚ ಪುಡಿಯುಪ್ಪು ಐದಾರು ಗ್ರಾಂ, ಅಂದರೆ ಹೆಚ್ಚುಕಮ್ಮಿ ಒಬ್ಬರ ಇಡೀ ದಿನದ ಪಾಲು. ಎರಡು ದಿನ ಅತ್ತೆಯವರು ಹಾಕುವುದನ್ನು ಹಾಗೇ ಅಳೆದು, ಹತ್ತರಲ್ಲಿ ಒಂದು ಪಾಲು ಇಳಿಸಿದೆ, ಅದು ಒಗ್ಗಿದ ಮೇಲೆ ಮತ್ತೆ ಹತ್ತರಲ್ಲಿ ಒಂದು. ಅತ್ತೆಗೆ ಮುಚ್ಚಿಟ್ಟು ಮಾಡಲಿಲ್ಲ, ‘ನೀವೇ ಹಾಕಿ ಅತ್ತೆ, ಇದರಲ್ಲಿ ಹಾಕಿ’ ಎಂದೆ.

ಉಪ್ಪು ಇಳಿದ ಕಡೆ ಹುಳಿ ಎತ್ತಿ ಹಿಡಿಯುತ್ತದೆ. ಪಲ್ಯಕ್ಕೆ ಕೊನೆಯಲ್ಲಿ ನಿಂಬೆರಸ, ಸಾರಿಗೆ ಒಂದು ಎಸಳು ಹೆಚ್ಚು ಹುಣಸೆ, ಒಗ್ಗರಣೆಗೆ ಬೆಳ್ಳುಳ್ಳಿ ಧಾರಾಳ. ಪಲ್ಯಕ್ಕೆ ಉಪ್ಪನ್ನು ಬೇಯುವಾಗ ಹಾಕದೆ ಇಳಿಸುವ ಮುಂಚೆ ಹಾಕಿದರೆ ಮೇಲ್ಮೈಯಲ್ಲೇ ನಿಂತು ಕಡಿಮೆಯಲ್ಲೇ ರುಚಿ ಹತ್ತುತ್ತದೆ. ಉಪ್ಸಾರಿಗೆ ಮಾತ್ರ ಯಾವ ಉಪಾಯವೂ ನಡೆಯಲಿಲ್ಲ, ಅದು ತಿಂಗಳಿಗೊಮ್ಮೆಗೆ ಹೋಯಿತು. ಉಪ್ಪಿನಕಾಯಿ ಜಾಡಿಯ ಚಮಚವೂ ಚಿಕ್ಕದಾಯಿತು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಹಬ್ಬಕ್ಕೆ. ಕಡಿಮೆ ಸೋಡಿಯಂ ಉಪ್ಪು ತರಬಹುದಲ್ಲ ಎಂದು ಯಜಮಾನರು ಕೇಳಿದರು. ಅದರಲ್ಲಿ ಸೋಡಿಯಂ ಜಾಗದಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ತರುವ ಸಾಮಾನಲ್ಲ.

ಕಾಫಿ

ಸಕ್ಕರೆಯ ಬಹುಪಾಲು ಹೋಗುತ್ತಿದ್ದದ್ದು ಇಲ್ಲಿ. ತಲೆ ಕಟ್ಟಿದ ಚಮಚವನ್ನು ಸಮ ಮಾಡಿದ್ದು ಒಂದು ಹಂತ, ಸಮ ಚಮಚವನ್ನು ಮುಕ್ಕಾಲು ಮಾಡಿದ್ದು ಇನ್ನೊಂದು. ಅರ್ಧಕ್ಕೆ ಬರುವಾಗ ಎಲ್ಲರ ಬಾಯೂ ಕಹಿಯಾಯಿತು. ಪುಡಿ ಪೊಟ್ಟಣ ತಿರುಗಿಸಿ ನೋಡಿದರೆ ಚಿಕೋರಿ ಸಾಕಷ್ಟಿತ್ತು. ಚಿಕೋರಿಯ ಪಾಲು ಕಡಿಮೆ ಇರುವ ಪುಡಿ ತಂದು, ಡಿಕಾಕ್ಷನ್ ಸ್ವಲ್ಪ ತೆಳ್ಳಗೆ ಇಳಿಸಿದ ಮೇಲೆ ಅರ್ಧ ಚಮಚಕ್ಕೆ ತಕರಾರು ಬರಲಿಲ್ಲ. ಮಾವ ಸಕ್ಕರೆಯನ್ನು ಪೂರ್ತಿ ಬಿಟ್ಟರು, ಅದೂ ತಾವಾಗಿಯೇ. ಬೆಲ್ಲದ ಕಾಫಿ ಕುಡಿದರೆ ಶುಗರ್ ಏರಲ್ಲ ಎಂದು ಬಂದ ನೆಂಟರೊಬ್ಬರು ಹೇಳಿದ್ದನ್ನು ಕೇಳಿ ಅವರು ಒಂದೆರಡು ದಿನ ಆಸೆಪಟ್ಟರು. ಶುಗರ್ ನೋಡುವ ಮೀಟರಿನಲ್ಲಿ ನೋಡಿದ ಮೇಲೆ ಆ ಆಸೆಯೂ ಮುಗಿಯಿತು.

ಕೂರದೇ ಹೋದವು

ಪಾಲಿಶ್ ಮಾಡದ ಅಕ್ಕಿ ಮಾವನ ಹಲ್ಲಿಗೆ ಒಗ್ಗಲಿಲ್ಲ, ಬೇಯಲು ಗ್ಯಾಸೂ ಜಾಸ್ತಿ. ಕೊರಲೆ ನಮ್ಮ ಸೀಮೆಯದೇ ಸಿರಿಧಾನ್ಯ, ಉಪ್ಪಿಟ್ಟಿಗೆ ಸೊಗಸಾಗುತ್ತದೆ. ಸಾರಿಗೆ ಕಲಸಲು ಅದು ಅನ್ನದ ಹಾಗೆ ಬರುವುದಿಲ್ಲ ಎಂದು ಎಲ್ಲರೂ ಒಂದೇ ಮಾತು ಹೇಳಿದ್ದರಿಂದ ಉಪ್ಪಿಟ್ಟಿಗೇ ಸೀಮಿತವಾಯಿತು. ಅಕ್ಕಿಗಿಂತ ಎಷ್ಟೋ ಪಟ್ಟು ಬೆಲೆ ಕೊಟ್ಟು ದಿನಾ ಮಾಡುವ ಅನುಕೂಲವೂ ನಮಗಿಲ್ಲ. ಸಂಜೆ ಐದಕ್ಕೆ ಖಾರಾಬೂಂದಿ ಜಾಗದಲ್ಲಿ ಹಣ್ಣು ಇಟ್ಟದ್ದು ನಡೆಯಲಿಲ್ಲ, ಹುರಿದ ಕಡಲೆಕಾಯಿಬೀಜ ನಡೆಯಿತು. ಕರುಮ್ ಅನ್ನುವ ಸದ್ದು ಬೇಕಿತ್ತು ಅಂತ ಕಾಣುತ್ತದೆ. ಹಣ್ಣು ಮಧ್ಯಾಹ್ನದ ಊಟಕ್ಕೆ ಸರಿಯಿತು. ಯುಗಾದಿಯ ಒಬ್ಬಟ್ಟು, ಗೌರಿ ಹಬ್ಬದ ಕಡುಬಿಗೆ ಲೆಕ್ಕವೇ ಇಡಲಿಲ್ಲ. ಮಾರನೆ ದಿನದಿಂದ ಪಾವು, ಚಮಚ ಮತ್ತೆ ತಮ್ಮ ಕೆಲಸ ಮಾಡುತ್ತವೆ.

ಈಗಿನ ಚೀಟಿ: ಅಕ್ಕಿ 16 ಕೆಜಿ, ಊರಿನ ರಾಗಿ 8, ರವೆ ಗೋಧಿ ಅವಲಕ್ಕಿ 11, ಬೇಳೆ ಕಾಳು 9, ಸಕ್ಕರೆ ಎರಡೂವರೆ, ಉಪ್ಪು ಕೆಜಿಗಿಂತ ಸ್ವಲ್ಪ ಕಮ್ಮಿ. ಕಾಳು ತಲೆಗೆ 60 ಗ್ರಾಂ, ಇನ್ನೂ 25 ಬಾಕಿ. ಉಪ್ಪು 6 ದಾಟುತ್ತದೆ, ಅದರಲ್ಲಿ ಸ್ವಲ್ಪ ನಿಂಬೆಕಾಯಿ ಉಪ್ಪಿನಕಾಯಿಗೆ ಹೋದದ್ದು. ಹಣ್ಣಿನ ಲೆಕ್ಕ ಇನ್ನೂ ಹಿಡಿದಿಲ್ಲ. ಯಜಮಾನರ ಆಫೀಸಿನ ಹತ್ತಿರದ ಬೋಂಡಾ ಅಂಗಡಿ ನನ್ನ ಚೀಟಿಗೆ ಸಿಗುವುದಿಲ್ಲ.

ಮುಂದಿನ ಕೆಲಸ ಎಣ್ಣೆ. ಕ್ಯಾನಿನಿಂದ ನೇರ ಬಾಣಲೆಗೆ ಬಗ್ಗಿಸುವುದನ್ನು ನಿಲ್ಲಿಸಿ, ವಾರಕ್ಕೊಂದು ಬಾಟಲಿ ತುಂಬಿ ಹೊರಗಿಡುವುದು. ವಾರದ ಪಾಲು ಎಲ್ಲಿಗೆ ಬರಬೇಕೋ ಅಲ್ಲಿ ಮಾರ್ಕರಿನಲ್ಲಿ ಗೆರೆ. ಮೊದಲ ಗೆರೆಯನ್ನು ಈಗ ಖರ್ಚಾಗುತ್ತಿರುವಷ್ಟಕ್ಕೇ ಹಾಕಿದ್ದೇನೆ. ಎರಡನೆ ಗೆರೆ ಅದಕ್ಕಿಂತ ಒಂದು ಬೆರಳು ಕೆಳಗೆ ಬರುತ್ತದೆ, ದೀಪಾವಳಿ ಕಜ್ಜಾಯ ಮುಗಿಯಲಿ.